ನಮ್ಮ ಪೀಚ್ ಕಾಂಪೋಟ್ ಇನ್ನು ಕಪಾಟಿನಲ್ಲಿ ಇಡುವಂಥದ್ದಲ್ಲ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ,

ಈ ಜೂನ್‌ನಿಂದ ನಾವು ಪೀಚ್ ಕಾಂಪೋಟ್, ಅಂದರೆ ತೆಳು ಸಕ್ಕರೆ ಪಾಕದಲ್ಲಿ ಬೇಯಿಸಿದ ಪೀಚ್ ಹಣ್ಣಿನ ಹೋಳು, ಮಾಡುವ ರೀತಿ, ಮಾರುವ ರೀತಿ ಎರಡೂ ಬದಲಾಗುತ್ತಿವೆ. ತಿಂಗಳುಗಟ್ಟಲೆ ಹೊರಗೆ ಇಡಬಹುದಾಗಿದ್ದ ಸೀಲ್ ಬಾಟಲಿ ಇನ್ನು ಇರುವುದಿಲ್ಲ. ಹಣ್ಣು ಬರುವ ಜೂನ್, ಜುಲೈ ಎರಡು ತಿಂಗಳು ಮಾತ್ರ ಮಾಡುತ್ತೇವೆ. ಕೊಂಡದ್ದನ್ನು ಫ್ರಿಜ್ಜಿನಲ್ಲೇ ಇಡಬೇಕು, ಒಂದು ವಾರದಲ್ಲಿ ಮುಗಿಸಬೇಕು. ಬೆಂಗಳೂರಿನ ಹೊರಗೆ ಕೊರಿಯರ್ ಕಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿಗೆ ತರಿಸಿಕೊಳ್ಳುತ್ತಿದ್ದವರಿಗೆ ಬೇಜಾರಾಗುತ್ತದೆ ಅಂತ ಗೊತ್ತು. ಅವರಿಗೋಸ್ಕರವೇ ನಾವು ಮಾಡುವ ವಿಧಾನವನ್ನು ಕೆಳಗೆ ಪೂರ್ತಿಯಾಗಿ ಬರೆದಿದ್ದೇವೆ. ಏನನ್ನೂ ಮುಚ್ಚಿಟ್ಟಿಲ್ಲ.

ಅದಕ್ಕೂ ಮೊದಲು ಒಂದು ಮುಖ್ಯವಾದ ಮಾತು. ಕಳೆದ ವರ್ಷದ ಪೀಚ್ ಬಾಟಲಿ ನಿಮ್ಮ ಮನೆಯಲ್ಲಿ ಇನ್ನೂ ಉಳಿದಿದ್ದರೆ ದಯವಿಟ್ಟು ತಿನ್ನಬೇಡಿ. ಚೂರು ರುಚಿ ನೋಡುವುದೂ ಬೇಡ. ಮುಚ್ಚಳ ತೆಗೆಯದೆ ನಮಗೆ ತಿಳಿಸಿ. ಬೆಂಗಳೂರಿನಲ್ಲಾದರೆ ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ. ಬೇರೆ ಊರಿನವರು ಒಂದು ಫೋಟೋ ಕಳಿಸಿ, ಬಾಟಲಿಯನ್ನು ಹಾಗೇ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿಬಿಡಿ. ಇಬ್ಬರಿಗೂ ಪೂರ್ತಿ ಹಣ ವಾಪಸ್ ಕೊಡುತ್ತೇವೆ.

ಆದದ್ದು ಇಷ್ಟು. ನಮಗೆ ಹಣ್ಣು ಬರುವುದು ಹಿಮಾಚಲದ ಸಿರ್ಮೌರ್ ಜಿಲ್ಲೆಯ ರಾಜಗಢ ಕಡೆಯಿಂದ. ಪೀಚ್‌ಗೆ ಹೆಸರಾದ ಜಾಗ ಅದು. ನಾವು ಬಳಸುವುದು ಹಳದಿ ತಿರುಳಿನ ಹಣ್ಣು. ಕಳೆದ ಜುಲೈಯಲ್ಲಿ ಬಂದ ಒಂದು ಪೆಟ್ಟಿಗೆಯಲ್ಲಿ ಅರ್ಧದಷ್ಟು ಬಿಳಿ ತಿರುಳಿನವು ಸೇರಿಕೊಂಡಿದ್ದವು. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣಲಿಲ್ಲ, ಅದೇ ಕೆಂಪು, ಅದೇ ನವಿರು ರೋಮ. ಕೊಯ್ದಾಗ ಗೊತ್ತಾಯಿತು. ತಿಂದು ನೋಡಿದೆವು. ಜೇನಿನ ಹಾಗಿತ್ತು, ಹುಳಿಯೇ ಇರಲಿಲ್ಲ. ಇಷ್ಟು ಒಳ್ಳೆಯ ಹಣ್ಣು ಅಂತ ಖುಷಿಯಿಂದ ಉಳಿದವುಗಳ ಜೊತೆಗೇ ಬೇಯಿಸಿ ತುಂಬಿಬಿಟ್ಟೆವು. ತಪ್ಪು ನಮ್ಮದೇ.

ಮೂರು ವಾರದ ನಂತರ ನಮ್ಮ ಕಪಾಟು ಒರೆಸುವಾಗ ಒಂದು ಬಾಟಲಿಯ ಮುಚ್ಚಳ ಉಬ್ಬಿರುವುದು ಕಂಡಿತು. ಹೆಬ್ಬೆಟ್ಟಿನಿಂದ ಒತ್ತಿದರೆ ಟಕ್ ಅಂತ ಒಳಗೆ ಹೋಯಿತು, ಬಿಟ್ಟರೆ ಮತ್ತೆ ಮೇಲೆದ್ದಿತು. ಪಾಕದಲ್ಲಿ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಅವತ್ತು ಸಂಜೆಯೇ ಕೂತು ಆ ಕಂತಿನ ಬಾಟಲಿ ಕೊಂಡ ಎಲ್ಲರಿಗೂ ಫೋನ್ ಮಾಡಿದೆವು. ಯಾರಿಗೂ ಏನೂ ಆಗಿರಲಿಲ್ಲ. ಆದರೂ ಆ ರಾತ್ರಿ ನಮ್ಮಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮನ್ನು ಹೆದರಿಸಿದ್ದು ಉಬ್ಬಿದ ಬಾಟಲಿಗಿಂತ ಜಾಸ್ತಿ ಉಬ್ಬದೇ ಉಳಿದ ಬಾಟಲಿಗಳು. ಹಣ್ಣಿನ ಹುಳಿಯನ್ನು ಪಿಎಚ್ ಅನ್ನುವ ಅಳತೆಯಲ್ಲಿ ನೋಡುತ್ತಾರೆ. ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಹಣ್ಣನ್ನು ಬಾಟಲಿಯಲ್ಲಿ ಸೀಲ್ ಮಾಡಿ ಕುದಿಯುವ ನೀರಲ್ಲಿಟ್ಟು ಕಾಪಾಡಬೇಕಾದರೆ ಪಿಎಚ್ 4.6ರ ಒಳಗೇ ಇರಬೇಕು. ಹಳದಿ ಪೀಚ್ ಸಾಮಾನ್ಯವಾಗಿ ಒಳಗೇ ಇರುತ್ತದೆ. ಬಿಳಿ ಪೀಚ್‌ನ ಕೆಲವು ತಳಿಗಳು ಈ ಗೆರೆಯನ್ನು ದಾಟುತ್ತವೆ. ಹುಳಿ ಕಡಿಮೆಯಾಗಿ ಗಾಳಿಯೂ ಇಲ್ಲದ ಬಾಟಲಿಯಲ್ಲಿ ಬಾಟುಲಿನಂ ಅನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಬಹುದು. ಅದರ ಬೀಜಾಣು ಕುದಿಯುವ ನೀರಿಗೆ ಸಾಯುವುದಿಲ್ಲ, ಪ್ರೆಷರ್‌ನಲ್ಲಿ ಸುಮಾರು 121 ಡಿಗ್ರಿ ಶಾಖ ಬೇಕು. ಆ ವಿಷಕ್ಕೆ ವಾಸನೆ ಇಲ್ಲ, ರುಚಿಯೂ ಇಲ್ಲ. ಮುಚ್ಚಳ ಉಬ್ಬಿಯೇ ತೋರಿಸುತ್ತದೆ ಅನ್ನುವ ಹಾಗೂ ಇಲ್ಲ. ಇನ್ನೊಂದು, ನಮ್ಮ ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ ಸಾಕಾಗುವ ಹೊತ್ತು ಇಲ್ಲಿ ಸಾಕಾಗುವುದಿಲ್ಲ.

ನಿಂಬೆರಸ ಹಿಂಡಿದರೆ ಆಗಲ್ವಾ ಅಂತ ಕೆಲವರು ಕೇಳಿದರು. ನಾವೂ ಅದನ್ನೇ ಯೋಚಿಸಿದೆವು. ಆದರೆ ಒಂದೊಂದು ಪೆಟ್ಟಿಗೆಯ ಹಣ್ಣಿನ ಹುಳಿ ಒಂದೊಂದು ಥರ, ನಿಂಬೆಹಣ್ಣಿನ ಹುಳಿಯೂ ಹಾಗೇ. ಪ್ರತಿ ಬಾಟಲಿಯನ್ನೂ ಅಳೆದು ಖಾತ್ರಿ ಕೊಡುವ ಸೌಕರ್ಯ ನಮ್ಮ ಅಡುಗೆಮನೆಯಲ್ಲಿಲ್ಲ. ಖಾತ್ರಿ ಇಲ್ಲದ್ದನ್ನು ನಿಮ್ಮ ಮಕ್ಕಳ ತಟ್ಟೆಗೆ ಕಳಿಸಲು ನಮಗೆ ಮನಸ್ಸಿಲ್ಲ.

ಸಕ್ಕರೆ ಜಾಸ್ತಿ ಹಾಕಿ ಅನ್ನುವ ಸಲಹೆಯೂ ಬಂತು. ಉತ್ತರ ಕರ್ನಾಟಕದ ಗುಳಂಬ ವರ್ಷವಿಡೀ ಕೆಡುವುದಿಲ್ಲ ಅಲ್ವಾ? ಅದಕ್ಕೆ ಮಾವಿನಕಾಯಿಯ ಹುಳಿ ಇದೆ, ಜೊತೆಗೆ ಅಷ್ಟೊಂದು ಬೆಲ್ಲ, ಮೇಲೆ ಗಟ್ಟಿಯಾಗುವ ತನಕ ಕಾಯಿಸುತ್ತಾರೆ. ಜಾಮ್ ಉಳಿಯುವುದೂ ಹೀಗೇ, ಅದರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಸಕ್ಕರೆಯೇ. ಕಾಂಪೋಟ್ ಬೇರೆ. ಹಣ್ಣಿನ ಹೋಳು ಹೋಳಾಗಿಯೇ ಉಳಿಯಬೇಕು, ಸುತ್ತ ತೆಳು ಪಾಕ ಇರಬೇಕು, ಬಾಯಿಗೆ ಹಾಕಿದರೆ ಮೊದಲು ಪೀಚ್ ಸಿಗಬೇಕು, ಆಮೇಲೆ ಸಿಹಿ. ಅಷ್ಟು ಸಕ್ಕರೆ ಸುರಿದರೆ ಅದು ಕಾಂಪೋಟ್ ಆಗಿ ಉಳಿಯುವುದಿಲ್ಲ. ಫ್ರಿಜ್ಜಿಗೆ ಬಂದ ಮೇಲಂತೂ ಸಕ್ಕರೆಯನ್ನು ಇನ್ನೂ ಕಡಿಮೆ ಮಾಡಿದ್ದೇವೆ. ಮೊದಲು ಕೇಜಿ ಹಣ್ಣಿಗೆ 300 ಗ್ರಾಂ ಹಾಕುತ್ತಿದ್ದೆವು, ಈಗ 150. ನಮ್ಮ ಮಟ್ಟಿಗೆ ಈ ಬದಲಾವಣೆಯಲ್ಲಿ ಸಿಕ್ಕ ದೊಡ್ಡ ಲಾಭ ಇದು. ಹಣ್ಣಿನ ಪರಿಮಳ ಈಗ ಎದ್ದು ಬರುತ್ತದೆ.

ಇನ್ನು ಮನೆಯಲ್ಲಿ ಮಾಡುವ ವಿಷಯ.

ಹಣ್ಣು ಆರಿಸುವಾಗ ಕೆಂಪು ಬಣ್ಣ ನೋಡಿ ಮೋಸಹೋಗಬೇಡಿ. ಅದು ಬಿಸಿಲು ಬಿದ್ದ ಗುರುತು, ಹಣ್ಣಾದ ಗುರುತಲ್ಲ. ತೊಟ್ಟಿನ ಸುತ್ತ ಹಸಿರು ಹೋಗಿ ಹಳದಿ ಬಂದಿರಬೇಕು, ಮೂಗಿನ ಹತ್ತಿರ ಹಿಡಿದರೆ ಘಮ ಬರಬೇಕು. ಕಾಯಿ ಕಾಯಾಗಿದ್ದರೆ ಫ್ರಿಜ್ಜಿನಲ್ಲಿಡಬೇಡಿ. ಪೀಚ್‌ಗೆ ಆ ಅರೆ ತಣ್ಣನೆ ಆಗಿಬರುವುದಿಲ್ಲ. ದಿನಗಟ್ಟಲೆ ಅಲ್ಲಿಟ್ಟರೆ ರಸ ಹೋಗಿ ಹತ್ತಿ ಅಗಿದ ಹಾಗಾಗುತ್ತದೆ. ಕಾಗದದಲ್ಲಿ ಸುತ್ತಿ ಮೇಜಿನ ಮೇಲೆ ಎರಡು ದಿನ ಇಡಿ, ಸುಮ್ನೆ ಅದರ ಪಾಡಿಗೆ ಹಣ್ಣಾಗುತ್ತದೆ. ಮನೆಯಲ್ಲಿ ಮಾಡಿ ಫ್ರಿಜ್ಜಿನಲ್ಲಿಟ್ಟು ತಿನ್ನುವುದಾದರೆ ಬಿಳಿ ತಿರುಳಿನದ್ದೂ ಆಗುತ್ತದೆ, ನಿಂಬೆ ಸ್ವಲ್ಪ ಜಾಸ್ತಿ ಹಿಂಡಿ, ಅಷ್ಟೇ.

ಒಂದು ಕೇಜಿ ಹಣ್ಣು ತೊಳೆದು, ತಳದಲ್ಲಿ ಚಾಕುವಿನಿಂದ ಕತ್ತರಿ ಗುರುತಿನ ಹಾಗೆ ಮೇಲೆ ಮೇಲೆ ಗೀರಿ. ಕುದಿಯುವ ನೀರಿಗೆ ಬಿಟ್ಟು ನಲವತ್ತು ಎಣಿಸಿ. ತೆಗೆದು ಐಸ್ ನೀರಿಗೆ ಹಾಕಿ. ಗೀರಿದ ಕಡೆ ಸಿಪ್ಪೆ ಮೂಲೆ ಬಿಟ್ಟುಕೊಂಡಿರುತ್ತದೆ. ಅದನ್ನು ಹಿಡಿದು ಎಳೆದರೆ ಬಟ್ಟೆ ಜಾರಿದ ಹಾಗೆ ಕಳಚಿ ಬರುತ್ತದೆ, ಒಳಗೆ ನುಣ್ಣನೆಯ ಹಳದಿ, ಅಲ್ಲಲ್ಲಿ ಕೆಂಪು ಛಾಯೆ. ಸಿಪ್ಪೆ ಹಟ ಮಾಡಿದರೆ ಹಣ್ಣು ಇನ್ನೂ ಬಲಿತಿಲ್ಲ ಅಂತ ಅರ್ಥ. ಎರಡು ಹೋಳು ಮಾಡಿ ಗೊರಟೆ ತೆಗೆಯಿರಿ. ಗೊರಟೆ ಒಡೆದು ಒಳಗಿನ ಬೀಜವನ್ನು ಪರಿಮಳಕ್ಕೆ ಹಾಕುವವರಿದ್ದಾರೆ. ಬೇಡ. ಅದು ಹೊಟ್ಟೆಗೆ ಹೋದರೆ ಸಯನೈಡ್ ಆಗುವ ಅಂಶ ಅದರಲ್ಲಿದೆ.

ಪ್ರತಿ ಅರ್ಧವನ್ನು ಮೂರು ನಾಲ್ಕು ಸೀಳು ಮಾಡಿ. ಕೂಡಲೇ ಒಂದು ನಿಂಬೆಹಣ್ಣಿನ ರಸ ಹಿಂಡಿ, ಇಲ್ಲದಿದ್ದರೆ ಬದನೆಕಾಯಿಯ ಹಾಗೆ ಕಪ್ಪಾಗುತ್ತದೆ. 150 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು ಉದುರಿಸಿ ಅರ್ಧ ಗಂಟೆ ಮುಚ್ಚಿಡಿ. ಈ ಅರ್ಧ ಗಂಟೆಯನ್ನು ಬಿಡಬೇಡಿ. ಹಣ್ಣು ತನ್ನ ರಸವನ್ನು ತಾನೇ ಬಿಟ್ಟುಕೊಂಡಿರುತ್ತದೆ, ಆಮೇಲೆ ನೀರು ಅರ್ಧ ಲೋಟ ಸಾಕು. ಸಕ್ಕರೆ ಕುಡಿದ ಹೋಳು ಬೇಯುವಾಗ ಮುದ್ದೆಯಾಗುವುದೂ ಕಡಿಮೆ.

ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ಎಂಟು ಹತ್ತು ನಿಮಿಷ. ಎರಡು ಏಲಕ್ಕಿ ಜಜ್ಜಿ ಹಾಕಿ, ಇಲ್ಲವೇ ಬೆರಳುದ್ದದ ಚಕ್ಕೆ. ಎರಡೂ ಒಟ್ಟಿಗೆ ಬೇಡ, ಪೀಚ್ ಸೋತುಹೋಗುತ್ತದೆ. ಸೌಟಿನಿಂದ ತಿರುವಬೇಡಿ, ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಚಾಕುವಿನ ತುದಿ ಸಲೀಸಾಗಿ ಇಳಿದರೆ ಬೆಂದಿದೆ. ಹೋಳುಗಳನ್ನು ಎತ್ತಿಟ್ಟು, ಪಾಕವನ್ನು ಮಾತ್ರ ಇನ್ನೈದು ನಿಮಿಷ ಕಾಯಿಸಿ. ಎಳೆ ಪಾಕ ಬರಬಾರದು, ಸೌಟಿಗೆ ತೆಳ್ಳಗೆ ಅಂಟಿದರೆ ಸಾಕು. ಹೋಳುಗಳ ಮೇಲೆ ಸುರಿದು, ಆರಿದ ಮೇಲೆ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ.

ಒದ್ದೆ ಚಮಚ ಹಾಕದಿದ್ದರೆ ಒಂದು ವಾರ ಚೆನ್ನಾಗಿರುತ್ತದೆ. ಫ್ರೀಜರ್‌ನಲ್ಲಾದರೆ ಮೂರು ತಿಂಗಳು ಇಡಬಹುದು, ಹೋಳು ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೇ. ಗಟ್ಟಿ ಮೊಸರಿನ ಜೊತೆ, ದೋಸೆಯ ಜೊತೆ, ರವೆ ಕೇಸರಿಯ ಪಕ್ಕದಲ್ಲಿ, ಎಲ್ಲದಕ್ಕೂ ಹೊಂದುತ್ತದೆ. ಕೊನೆಗೆ ಉಳಿದ ಪಾಕಕ್ಕೆ ತಣ್ಣೀರು ಬೆರೆಸಿ ಕುಡಿಯಿರಿ. ರಷ್ಯಾ, ಪೋಲೆಂಡ್ ಕಡೆ ಹಣ್ಣು ಬೇಯಿಸಿದ ನೀರನ್ನೇ ಪಾನಕದ ಹಾಗೆ ಕುಡಿಯುತ್ತಾರೆ, ಅದಕ್ಕೂ ಇದೇ ಹೆಸರು.

ಬೆಲೆಯ ಬಗ್ಗೆಯೂ ನೇರವಾಗಿ ಹೇಳಿಬಿಡುತ್ತೇವೆ. ಮೊದಲು 400 ಗ್ರಾಂ ಬಾಟಲಿಗೆ 240 ರೂಪಾಯಿ ಇತ್ತು. ಇನ್ನು 250 ಗ್ರಾಂ ಬಾಟಲಿಗೆ 180 ರೂಪಾಯಿ. ಅಂದರೆ 100 ಗ್ರಾಂಗೆ 60 ಇದ್ದದ್ದು 72 ಆಗುತ್ತದೆ. ಐಸ್ ಪೆಟ್ಟಿಗೆಯಲ್ಲಿ ಮನೆಗೆ ತಲುಪಿಸುವ ಖರ್ಚು, ಚಿಕ್ಕ ಬಾಟಲಿಯ ಖರ್ಚು ಸೇರಿ ಇಷ್ಟಾಗುತ್ತಿದೆ. ಖಾಲಿ ಬಾಟಲಿ ತೊಳೆದು ಮುಚ್ಚಳದ ಸಮೇತ ವಾಪಸ್ ಕೊಟ್ಟರೆ 15 ರೂಪಾಯಿ ಕಳೆಯುತ್ತೇವೆ. ಬಾಟಲಿ ಚಿಕ್ಕದು ಮಾಡಿದ್ದು ಕೊಂಡದ್ದು ವಾರದೊಳಗೆ ಮುಗಿಯಲಿ ಅಂತ.

ಉಪ್ಪಿನಕಾಯಿ, ಜಾಮ್‌ಗಳಲ್ಲಿ ಯಾವ ಬದಲಾವಣೆಯೂ ಇಲ್ಲ, ಅವು ಮೊದಲಿನ ಹಾಗೇ ಎಲ್ಲ ಊರಿಗೂ ಬರುತ್ತವೆ.

ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಬೇಯಿಸಿ, ಅದೇ ದಿನ ಸಂಜೆಯೊಳಗೆ ತಲುಪಿಸುತ್ತೇವೆ. ಹಿಂದಿನ ದಿನ ಸಂಜೆ ಆರರೊಳಗೆ ಹೇಳಿದರೆ ಸಾಕು. ಬೆಟ್ಟದಲ್ಲಿ ಮಳೆ ಜೋರಾದರೆ ಲಾರಿ ತಡವಾಗುತ್ತದೆ. ಅಂಥ ದಿನ ಬೇರೆ ಹಣ್ಣು ಹಾಕಿ ಕೊಡುವುದಿಲ್ಲ, ನಿಮಗೆ ಫೋನ್ ಮಾಡಿ ಮುಂದಿನ ಸಲಕ್ಕೆ ಬರೆದುಕೊಳ್ಳುತ್ತೇವೆ.

ನಿಮ್ಮ ಅಡುಗೆಮನೆಯ ಐವರು