ಸೊಪ್ಪಿನ ವಾಂತಿಯೂ ಬಸುರಿನ ವಾಂತಿಯೂ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮೈಸೂರು ಜಿಲ್ಲಾಧಿಕಾರಿಗಳೇ,

ಆಷಾಢ, ಶ್ರಾವಣದಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯುವ ಕೆಲಸ ಬಿರುಸು. ಸೋನೆ ಮಳೆಯೂ ಆಗಲೇ. ಸೊಪ್ಪು ಹದಮಾಡುವ ಬ್ಯಾರನ್ ತುಂಬಬೇಕಾದ ದಿನ ಮಳೆ ಬಿಡಲಿ ಎಂದು ಯಾರೂ ಕಾಯುವುದಿಲ್ಲ. ತೊಂದರೆ ಇರುವುದು ಆ ನೀರಿನಲ್ಲೇ. ಹಸಿ ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದೊಳಕ್ಕೆ ಇಳಿಯುತ್ತದೆ. ಎಲೆಯನ್ನು ಕಂಕುಳಲ್ಲಿ ಅವುಚಿ ಸಾಗಿಸುವಾಗ ನೆನೆದ ರವಿಕೆಯಿಂದ, ಬಟ್ಟೆ ಬದಲಿಸುವ ತನಕವೂ ಇಳಿಯುತ್ತಲೇ ಇರುತ್ತದೆ. ಬೀಡಿ ಮುಟ್ಟದ ಹೆಂಗಸಿನ ರಕ್ತದಲ್ಲಿ ನಿಕೋಟಿನ್ ಸಿಗುವುದು ಹೀಗೆ.

ಕೆಲವು ತಾಸು ಕಳೆದು, ಎಷ್ಟೋ ಸಲ ರಾತ್ರಿ ಮಲಗಿದ ಮೇಲೆ, ವಾಂತಿ, ತಲೆಸುತ್ತು, ತಲೆನೋವು. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಬಸುರಿಗೆ ಹೀಗಾದರೆ ಬಸುರಿನ ವಾಂತಿ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಮರುದಿನ ಆಕೆ ಅದೇ ಸಾಲಿಗೆ ಇಳಿಯುತ್ತಾಳೆ.

ನಿಕೋಟಿನ್ ಮಾಸು ದಾಟಿ ಮಗುವನ್ನು ತಲುಪುತ್ತದೆ, ಬೆಳೆಯುವ ಮಿದುಳಿನ ಮೇಲೆ ಕೆಲಸ ಮಾಡುತ್ತದೆ. ಎದೆಹಾಲಿನಲ್ಲಂತೂ ಅದರ ಪ್ರಮಾಣ ತಾಯಿಯ ರಕ್ತಕ್ಕಿಂತ ಹೆಚ್ಚು. ಹಾಗೆಂದು ಹಾಲು ಬಿಡಿಸಬಾರದು, ಸೊಪ್ಪಿನ ಕೆಲಸ ಬಿಡಿಸಬೇಕು.

ಹತ್ತಿ ಗವಸು ಹಂಚಿ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮ ದಯವಿಟ್ಟು ಬೇಡ. ಹತ್ತಿ ನೀರು ಹೀರಿ ನಿಕೋಟಿನ್ ಅನ್ನು ಕೈಗೇ ಅಂಟಿಸಿಡುತ್ತದೆ. ಬೇಕಾದ್ದು ಮೊಣಕೈವರೆಗಿನ ರಬ್ಬರ್ ಅಥವಾ ನೈಟ್ರೈಲ್ ಗವಸು. ಒಳಗೆ ನೀರು ಹೋದರೆ ಅದೂ ವ್ಯರ್ಥ. ತೆಗೆದು, ಸೋಪಿನಲ್ಲಿ ಕೈ ತೊಳೆದು ಒಣ ಜೊತೆ ಹಾಕಬೇಕು. ಹಾಗಾಗಿ ತಲೆಗೆ ಎರಡು ಜೊತೆ, ಒಂದು ಪ್ಲಾಸ್ಟಿಕ್ ಏಪ್ರನ್, ಹೊಲದಂಚಿನಲ್ಲಿ ಒಂದು ಡ್ರಮ್ ನೀರು. ಇಬ್ಬನಿ ಆರಿದ ಮೇಲೆ ಕೆಲಸ ಶುರು. ಇಷ್ಟಾದರೂ ಬಸುರಿ, ಬಾಣಂತಿಯರಿಗೆ ಹಸಿ ಸೊಪ್ಪು ಸಲ್ಲದು. ನೆರಳಿನ ಕೆಲಸವೆಂದು ಅವರನ್ನು ಕಡ್ಡಿಗೆ ಸೊಪ್ಪು ಪೋಣಿಸಲು ಕೂರಿಸುತ್ತಾರೆ. ಅದೂ ಹಸಿ ಎಲೆಯೇ, ಮಗು ಮಲಗಿರುವುದೂ ಆ ರಾಶಿಯ ಪಕ್ಕದಲ್ಲೇ.

ತಂಬಾಕು ಮಂಡಳಿ ನಿಮ್ಮ ಕೈಕೆಳಗಿಲ್ಲ, ಗೊತ್ತು. ಆದರೆ ಅದರ ಅಧಿಕಾರಿಗಳನ್ನು ಸಭೆಗೆ ಕರೆಯಬಲ್ಲಿರಿ: ಬ್ಯಾರನ್ ಲೈಸೆನ್ಸ್ ನವೀಕರಿಸುವಾಗ ಗವಸು, ಏಪ್ರನ್ ಇದೆಯೇ ಎಂದು ನೋಡಲಿ. ಆರೋಗ್ಯ ಇಲಾಖೆ ತಾಯಿ ಕಾರ್ಡಿನಲ್ಲಿ ಒಂದು ಪ್ರಶ್ನೆ ಸೇರಿಸಲಿ: 'ಈ ವಾರ ಸೊಪ್ಪು ಮುರಿದಿರಾ, ಪೋಣಿಸಿದಿರಾ?' ನಿಕೋಟಿನ್ ಮೈಯಲ್ಲಿ ಒಡೆದು ಕೊಟಿನಿನ್ ಆಗುತ್ತದೆ; ಅನುಮಾನವಿದ್ದರೆ ಮೂತ್ರದ ಕೊಟಿನಿನ್ ಪರೀಕ್ಷೆ ನಿಕೋಟಿನ್ ಮೈ ಸೇರಿದೆಯೇ ಎಂದು ಹೇಳುತ್ತದೆ.

ಉಳಿದದ್ದು ಕೂಲಿ. ದಿನಗೂಲಿಯವಳಿಗೆ ಹೆರಿಗೆ ರಜೆಯಿಲ್ಲ. ಮೂರು ತಿಂಗಳ ಸೊಪ್ಪಿನ ಕೂಲಿ ಬಿಡು ಎಂದರೆ ಆಕೆ ಬಸುರನ್ನೇ ಮುಚ್ಚಿಡುತ್ತಾಳೆ. ಅದೇ ಕೂಲಿಗೆ ಒಣ ಕೆಲಸವನ್ನು ಪಂಚಾಯಿತಿ ಮಟ್ಟದಲ್ಲಿ ಗೊತ್ತುಮಾಡದೆ ಮೇಲಿನ ಯಾವ ಸೂಚನೆಯೂ ನಡೆಯದು. ಸಭೆಯನ್ನು ಜೂನ್ ಒಳಗೇ ಕರೆಯಿರಿ. ಜುಲೈಗೆ ಸೊಪ್ಪು ಮುರಿಯಲು ಶುರುವಾಗುತ್ತದೆ.

ಇಂತಿ,
ಹುಣಸೂರು, ಪಿರಿಯಾಪಟ್ಟಣ ಭಾಗದ ಆರೋಗ್ಯ ಕಾರ್ಯಕರ್ತೆಯರು ಮತ್ತು ಬೆಳೆಗಾರರು