ಸುಡೊಕು ಪಕ್ಕದಲ್ಲಿ ಹೆಕ್ಸ್ ಸಮಸ್ಯೆಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮನರಂಜನೆ ಪುಟದಲ್ಲಿ ಪದಬಂಧವಿದೆ, ಸುಡೊಕು ಇದೆ, ಆಗಾಗ ಚದುರಂಗದ ಸಮಸ್ಯೆಯೂ ಬರುತ್ತದೆ. ಇವುಗಳ ಜೊತೆಗೆ, ಇಬ್ಬರು ಆಡುವ ಹೆಕ್ಸ್ ಎಂಬ ಹಲಗೆಯಾಟದ ಸಮಸ್ಯೆಯನ್ನೂ ವಾರಕ್ಕೊಂದರಂತೆ ಪ್ರಕಟಿಸಬೇಕೆಂದು ಕೋರುತ್ತೇನೆ. ಸಮಸ್ಯೆ ಹೇಗಿರಬೇಕು, ಹೇಗಿರಬಾರದು ಎಂಬುದನ್ನೂ ಇಲ್ಲಿಯೇ ಬಿಡಿಸಿ ಹೇಳುತ್ತೇನೆ. ತಪ್ಪಾಗಿ ಹೆಣೆದ ಒಂದು ಸಮಸ್ಯೆ ಸಾಕು, ಓದುಗರು ಆ ಮೂಲೆಯ ಕಡೆ ಮತ್ತೆ ತಿರುಗಿ ನೋಡುವುದಿಲ್ಲ.

ಈ ಆಟ ಮೊದಲು ಜನರ ಕೈಗೆ ಸಿಕ್ಕಿದ್ದೇ ದಿನಪತ್ರಿಕೆಯ ಮೂಲಕ. ಡೆನ್ಮಾರ್ಕಿನ ಪೀಟ್ ಹೈನ್ 1942ರಲ್ಲಿ ಇದನ್ನು ರೂಪಿಸಿದರು. ಆ ವರ್ಷದ ಡಿಸೆಂಬರ್ 26ರಂದು ಕೋಪನ್‌ಹೇಗನ್ನಿನ 'ಪೊಲಿಟಿಕೆನ್' ಪತ್ರಿಕೆ ಇದನ್ನು 'ಪಾಲಿಗಾನ್' ಎಂಬ ಹೆಸರಿನಲ್ಲಿ ಓದುಗರ ಮುಂದಿಟ್ಟಿತು. ಆಗ ಆ ದೇಶ ಜರ್ಮನ್ ಸೇನೆಯ ವಶದಲ್ಲಿತ್ತು. ಪತ್ರಿಕೆಯಲ್ಲಿ ಸಮಸ್ಯೆಗಳು ಬಂದವು, ಹಲಗೆಯ ಚಿತ್ರ ಅಚ್ಚು ಮಾಡಿದ ಹಾಳೆಗಳ ಕಟ್ಟುಗಳು ಮಾರಾಟವಾದವು, ಜನ ಪೆನ್ಸಿಲ್ ಹಿಡಿದು ಆಡಿದರು. 1948ರ ಹೊತ್ತಿಗೆ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಗಣಿತಜ್ಞ ಜಾನ್ ನ್ಯಾಶ್ ತಮ್ಮಷ್ಟಕ್ಕೆ ತಾವೇ ಇದೇ ಆಟವನ್ನು ಕಂಡುಕೊಂಡರು. 1952ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ 'ಹೆಕ್ಸ್' ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಬಿಂದುಗಳನ್ನೂ ಅವನ್ನು ಜೋಡಿಸುವ ಗೆರೆಗಳನ್ನೂ ಅಭ್ಯಸಿಸುವ ಗ್ರಾಫ್ ಸಿದ್ಧಾಂತ ಎಂಬ ಗಣಿತ ಶಾಖೆಯಲ್ಲಿ ದೊಡ್ಡ ಹೆಸರಾದ ಫ್ರಾನ್ಸಿನ ಕ್ಲಾಡ್ ಬರ್ಜ್ ಇದರ ಸಮಸ್ಯೆಗಳನ್ನು ಹೆಣೆಯುವುದರಲ್ಲಿ ಆಸಕ್ತಿ ಇಟ್ಟುಕೊಂಡಿದ್ದರು.

ನಿಯಮಗಳನ್ನು ಎರಡು ನಿಮಿಷದಲ್ಲಿ ಕಲಿಯಬಹುದು. ಹಲಗೆ ತುಂಬ ಷಟ್ಕೋನದ ಮನೆಗಳು. ಪ್ರತಿ ಸಾಲೂ ಮೇಲಿನ ಸಾಲಿಗಿಂತ ಅರ್ಧ ಮನೆ ಬಲಕ್ಕೆ ಸರಿದಿರುತ್ತದೆ, ಹಾಗಾಗಿ ಒಟ್ಟು ಹಲಗೆ ಓರೆಯಾದ ಚೌಕದಂತೆ ಕಾಣುತ್ತದೆ. ಕಪ್ಪು ಆಟಗಾರ ಮೇಲಂಚಿನಿಂದ ಕೆಳಂಚಿಗೆ, ಬಿಳಿ ಆಟಗಾರ ಎಡದಂಚಿನಿಂದ ಬಲದಂಚಿಗೆ ತನ್ನ ಕಾಯಿಗಳ ಸರಪಳಿ ಕಟ್ಟಬೇಕು. ಸರದಿಗೆ ಒಂದು ಕಾಯಿ, ಯಾವ ಖಾಲಿ ಮನೆಗಾದರೂ ಸರಿ. ಇಟ್ಟ ಕಾಯಿಯನ್ನು ಸರಿಸುವಂತಿಲ್ಲ, ಎದುರಾಳಿಯ ಕಾಯಿಯನ್ನು ಹೊಡೆಯುವಂತಿಲ್ಲ. ಆಟ ಡ್ರಾ ಆಗುವುದೇ ಇಲ್ಲ. ಚೌಕದ ಮನೆಗಳಲ್ಲಿ ನಾಲ್ಕು ಮನೆ ಒಂದು ಬಿಂದುವಿನಲ್ಲಿ ಸೇರುವುದರಿಂದ ಇಬ್ಬರೂ ಒಬ್ಬರನ್ನೊಬ್ಬರು ಅಡ್ಡಗಟ್ಟಿ ನಿಂತುಬಿಡಬಹುದು. ಷಟ್ಕೋನಗಳಲ್ಲಿ ಒಂದು ಬಿಂದುವಿಗೆ ಮೂರೇ ಮನೆ. ಒಬ್ಬರ ದಾರಿ ಪೂರ್ತಿ ಮುಚ್ಚಬೇಕಾದರೆ ಇನ್ನೊಬ್ಬರ ದಾರಿ ತೆರೆಯಲೇಬೇಕು. ಈ ಸರಳ ಸಂಗತಿಗೂ ಬ್ರೌವರ್ ಅವರ ಸ್ಥಿರಬಿಂದು ಪ್ರಮೇಯಕ್ಕೂ (ತಟ್ಟೆಯಂಥ ಆಕಾರವನ್ನು ಹರಿಯದೆ ತನ್ನೊಳಗೇ ಹೇಗೆ ಸರಿಸಿದರೂ ಒಂದು ಬಿಂದುವಾದರೂ ಇದ್ದಲ್ಲೇ ಉಳಿಯುತ್ತದೆ ಎಂಬುದು ಅದರ ಸಾರ) ನೇರ ನಂಟಿದೆ ಎಂದು ಗಣಿತಜ್ಞ ಡೇವಿಡ್ ಗೇಲ್ 1979ರಲ್ಲಿ ತೋರಿಸಿಕೊಟ್ಟರು.

ಮನೆಗಳಿಗೆ ಹೆಸರು ಕೊಡುವಾಗ ಒಂದು ಸಲಹೆ. ಕಂಬಸಾಲುಗಳಿಗೆ ಅ, ಆ, ಇ, ಈ ಎಂದು ಹಾಕಿದರೆ ಸಣ್ಣ ಅಕ್ಷರದ ಅಚ್ಚಿನಲ್ಲಿ ಅ-ಆ, ಇ-ಈ ಕಲೆಸಿಹೋಗುತ್ತವೆ. ಕ, ಚ, ಟ, ತ, ಪ ಎಂದು ಇಟ್ಟರೆ ಕ್ರಮ ಎಲ್ಲರಿಗೂ ಗೊತ್ತು, ಆಕಾರಗಳೂ ಬೇರೆಬೇರೆ. ಅಡ್ಡಸಾಲುಗಳಿಗೆ ಮೇಲಿನಿಂದ 1, 2, 3. ಯಾವುದೇ ಮನೆಗೆ ನೆರೆಮನೆ ಯಾವುವು? ಅದೇ ಸಾಲಿನ ಎಡ ಮತ್ತು ಬಲ. ಮೇಲಿನ ಸಾಲಿನಲ್ಲಿ ಅದೇ ಅಕ್ಷರ ಮತ್ತು ಅದರ ಮುಂದಿನ ಅಕ್ಷರ. ಕೆಳಸಾಲಿನಲ್ಲಿ ಅದೇ ಅಕ್ಷರ ಮತ್ತು ಅದರ ಹಿಂದಿನ ಅಕ್ಷರ. ಇಷ್ಟು ನೆನಪಿದ್ದರೆ ಚಿತ್ರವಿಲ್ಲದೆಯೂ ಸಮಸ್ಯೆ ಬಿಡಿಸಬಹುದು.

ಹೊಸಬರಿಗೆ ಮೊದಲ ವಾರ ಕೊಡಬಹುದಾದ ಸಮಸ್ಯೆ ಇದು. 4×4 ಹಲಗೆ, ಪೂರ್ತಿ ಖಾಲಿ. ಕಪ್ಪು ಚ3ರಲ್ಲಿ ಕಾಯಿ ಇಟ್ಟಿದೆ. ಬಿಳಿ ಏನೇ ಮಾಡಿದರೂ ಕಪ್ಪು ಗೆಲ್ಲುತ್ತದೆಂದು ಸಾಧಿಸಿ.

ಕೆಳಗಡೆ ಸುಲಭ. ಚ3ರ ಕೆಳಗೆ ಕ4 ಮತ್ತು ಚ4 ಎರಡೂ ಖಾಲಿ, ಬಿಳಿ ಒಂದನ್ನು ಹಿಡಿದರೆ ಕಪ್ಪು ಇನ್ನೊಂದನ್ನು ಹಿಡಿಯುತ್ತದೆ. ಈ ಜೋಡಿಮನೆಯ ಏರ್ಪಾಡಿಗೆ ಆಟಗಾರರು ಸೇತುವೆ ಎನ್ನುತ್ತಾರೆ. ಮೇಲಂಚಿಗೆ ಎರಡು ದಾರಿಗಳಿವೆ. ಒಂದು, ಪಕ್ಕದ ಟ2ಕ್ಕೆ ಹೋಗುವುದು. ಅಲ್ಲಿಂದ ಟ1 ಅಥವಾ ತ1. ಇನ್ನೊಂದು, ಕ2ಕ್ಕೆ ಹಾರುವುದು; ಚ3ರಿಂದ ಕ2ಕ್ಕೆ ಕ3 ಮತ್ತು ಚ2 ಸೇತುವೆ, ಕ2ರಿಂದ ಮೇಲಕ್ಕೆ ಕ1 ಮತ್ತು ಚ1 ಸೇತುವೆ. ಮೊದಲ ದಾರಿಗೆ ಬೇಕಾದ ಮನೆ ಮೂರು, ಎರಡನೆಯದಕ್ಕೆ ಐದು. ಎರಡರಲ್ಲೂ ಇರುವ ಮನೆ ಒಂದೂ ಇಲ್ಲ. ಆದ್ದರಿಂದ ಬಿಳಿಯ ಒಂದು ಕಾಯಿ ಎರಡು ದಾರಿಗಳನ್ನೂ ಕೆಡಿಸಲಾರದು. ಸಾಧನೆ ಮುಗಿಯಿತು.

ಇಲ್ಲಿ ಕಲಿತದ್ದು ದೊಡ್ಡ ಹಲಗೆಯಲ್ಲೂ ಹಾಗೆಯೇ ಉಪಯೋಗಕ್ಕೆ ಬರುತ್ತದೆ. ಅಂಚಿನಿಂದ ಮೂರನೆಯ ಸಾಲಿನಲ್ಲಿರುವ ಕಾಯಿಗೆ ತನ್ನ ಸಾಲಿನಲ್ಲಿ ತನ್ನದೂ ಸೇರಿ ಎರಡು ಮನೆ, ಮುಂದಿನ ಸಾಲಿನಲ್ಲಿ ಮೂರು, ಅಂಚಿನ ಸಾಲಿನಲ್ಲಿ ನಾಲ್ಕು, ಮೇಲೆ ಹೇಳಿದ ಜೋಡಣೆಯಲ್ಲೇ ಸಿಕ್ಕರೆ ಆ ಕಾಯಿ ಅಂಚಿಗೆ ಸೇರಿದಂತೆಯೇ ಲೆಕ್ಕ. ಅಂಚಿಗೆ ಸೇರಲು ಪಕ್ಕಪಕ್ಕದಲ್ಲೇ ಕಾಯಿ ಇಡುತ್ತ ಹೋಗುವುದು ಹೊಸಬರ ಸಾಮಾನ್ಯ ತಪ್ಪು. ಅದರಿಂದ ನಡೆಗಳು ವ್ಯರ್ಥವಾಗುತ್ತವೆ, ಅಷ್ಟರಲ್ಲಿ ಎದುರಾಳಿ ಮುಂದೆ ಹೋಗಿ ಕಾದಿರುತ್ತಾನೆ.

ಇನ್ನು ನಿಜವಾದ ಸವಾಲು. 5×5 ಹಲಗೆ. ಕಪ್ಪು ಕಾಯಿಗಳು ತ1, ತ2, ಪ2. ಬಿಳಿ ಕಾಯಿಗಳು ಟ4, ತ3, ಪ3. ಕಪ್ಪಿನ ಸರದಿ. ಗೆಲ್ಲುವ ನಡೆ ಒಂದೇ ಒಂದು. ಯಾವುದು? ಬಿಡಿಸಬಯಸುವವರು ಇಲ್ಲಿ ನಿಲ್ಲಿಸಿ, ಹಾಳೆಯ ಮೇಲೆ ಹಲಗೆ ಬರೆದುಕೊಂಡು ಬನ್ನಿ.

ಬಿಳಿಯ ಸರಪಳಿ ಬಲದಂಚನ್ನು ಆಗಲೇ ಮುಟ್ಟಿದೆ. ಉಳಿದಿರುವುದು ಟ4ರಿಂದ ಎಡದಂಚಿಗೆ ದಾರಿ. ಹೆಚ್ಚಿನವರ ಕೈ ಮೊದಲು ಟ3ಕ್ಕೆ ಹೋಗುತ್ತದೆ, ಏಕೆಂದರೆ ಅದು ತ2ಕ್ಕೆ ಅಂಟಿಕೊಂಡಿದೆ. ಅದು ಸೋಲು. ಬಿಳಿ ಚ4 ಇಟ್ಟರೆ ಕ4, ಕ5 ಸೇತುವೆಯಿಂದ ಎಡದಂಚು ಸಿಕ್ಕಿತು. ಸ್ವಲ್ಪ ಅನುಭವವಿರುವವರು ದೂರದಿಂದ ತಡೆಯೋಣವೆಂದು ಕ4 ಇಡುತ್ತಾರೆ. ದೂರದ ತಡೆ ಹೆಕ್ಸ್‌ನಲ್ಲಿ ಬಹಳ ಸಲ ಸರಿಯೇ, ಆದರೆ ಇಲ್ಲಿ ಬಿಳಿ ಕ5 ಎಂದು ಉತ್ತರಿಸುತ್ತದೆ. ಕ5ಕ್ಕೂ ಟ4ಕ್ಕೂ ನಡುವೆ ಚ4, ಚ5 ಸೇತುವೆ. ಕಪ್ಪು ತಾನೇ ಕ5 ಇಟ್ಟರೆ ಬಿಳಿ ಚ3. ಟ4ಕ್ಕೆ ಚ4, ಟ3 ಸೇತುವೆ, ಎಡಕ್ಕೆ ಕ3, ಕ4 ಸೇತುವೆ.

ಹೀಗೆ ಒಂದೊಂದೇ ನಡೆ ಪರೀಕ್ಷಿಸುವುದಕ್ಕಿಂತ ಒಳ್ಳೆಯ ದಾರಿಯಿದೆ. ಎದುರಾಳಿಗೆ ಒಂದು ನಡೆ ಬಿಟ್ಟುಕೊಟ್ಟರೆ ಆತ ಹೇಗೆಲ್ಲ ಗೆಲ್ಲಬಲ್ಲ ಎಂದು ಮೊದಲು ಪಟ್ಟಿ ಮಾಡಿ. ಬಿಳಿಯ ಮೂರು ಗೆಲುವುಗಳು ಮೇಲೆಯೇ ಬಂದವು. ಒಂದಕ್ಕೆ ಬೇಕಾದ ಮನೆಗಳು ಚ4, ಕ4, ಕ5. ಇನ್ನೊಂದಕ್ಕೆ ಚ3, ಚ4, ಟ3, ಕ3, ಕ4. ಮತ್ತೊಂದಕ್ಕೆ ಕ5, ಚ4, ಚ5. ಕಪ್ಪಿನ ನಡೆ ಈ ಮೂರನ್ನೂ ಕೆಡಿಸಬೇಕು. ಮೂರರಲ್ಲೂ ಇರುವ ಮನೆ ಚ4 ಮಾತ್ರ. ಉಳಿದ ಯಾವ ಮನೆಯೂ ಗೆಲುವು ಕೊಡಲಾರದು ಎಂಬುದು ಇಷ್ಟರಿಂದಲೇ ಸಿದ್ಧವಾಯಿತು.

ಚ4 ನಿಜಕ್ಕೂ ಗೆಲ್ಲುತ್ತದೆಯೇ ಎಂದು ಬೇರೆಯಾಗಿ ನೋಡಬೇಕು. ಕೆಳಗೆ ಕ5, ಚ5 ಸೇತುವೆ ಇದೆ. ಮೇಲೆ ಟ3 ಸಿಕ್ಕರೆ ತ2 ಸೇರಿ ಆಟ ಮುಗಿಯಿತು, ಆದ್ದರಿಂದ ಬಿಳಿ ಟ3 ಇಡಲೇಬೇಕು. ಆಗ ಕಪ್ಪು ಚ3. ಈಗ ಟ2 ಸಿಕ್ಕರೆ ತ2ರ ಜೊತೆ ಸೇರುತ್ತದೆ. ಬಿಳಿ ಟ2 ತಡೆದರೆ ಕಪ್ಪು ಚ2, ಅಲ್ಲಿಂದ ಚ1 ಅಥವಾ ಟ1. ಬಿಳಿ ನಡುವೆ ಚ5 ಎಂದು ಕೆಣಕಿದರೆ ಕ5, ಕ5 ಎಂದರೆ ಚ5. ಗೆಲುವು ಖಚಿತ.

ಈ ಸಮಸ್ಯೆಯಲ್ಲಿ ಕಾಯಿಗಳ ಆಯ್ಕೆಗೂ ಕಾರಣವಿದೆ. ಹೆಕ್ಸ್ ಸಮಸ್ಯೆ ಹೆಣೆಯುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಎದುರಾಳಿಯ ಸೇತುವೆಯೊಂದನ್ನು ತೆರೆದೇ ಬಿಟ್ಟಿದ್ದರೆ, ಬಿಡಿಸುವವರು ಮೊದಲು ಅಲ್ಲಿ ಒಂದು ಕಾಯಿ ಚುಚ್ಚಿ, ಎದುರಾಳಿಯಿಂದ ಉತ್ತರ ಕಕ್ಕಿಸಿ, ಆಮೇಲೆ ಮುಖ್ಯ ನಡೆ ಇಟ್ಟರೂ ಗೆಲ್ಲುವ ಸಂಭವ ಇರುತ್ತದೆ. ಆಗ ಒಂದೇ ಉತ್ತರ ಎಂಬ ಮಾತು ಸುಳ್ಳಾಗುತ್ತದೆ. ಮೇಲಿನ ಹಲಗೆಯಲ್ಲಿ ಬಿಳಿಯ ಬಲಭಾಗವನ್ನು ಪ3ರವರೆಗೆ, ಕಪ್ಪಿನ ಮೇಲ್ಭಾಗವನ್ನು ತ1ರವರೆಗೆ ಗಟ್ಟಿಯಾಗಿ ತುಂಬಿರುವುದು ಈ ಸಂಶಯಕ್ಕೆ ಎಡೆಯಿರಬಾರದೆಂದು. ಕಾಯಿಗಳ ಸಂಖ್ಯೆಯೂ ಹೊಂದಬೇಕು. ಕಪ್ಪು ಆಟ ಆರಂಭಿಸಿ ಈಗ ಮತ್ತೆ ಕಪ್ಪಿನ ಸರದಿಯೆಂದರೆ ಎರಡೂ ಬಣ್ಣದ ಕಾಯಿ ಸಮ ಇರಬೇಕು. ಬಿಳಿಯ ಸರದಿಯಾದರೆ ಕಪ್ಪು ಒಂದು ಹೆಚ್ಚು. ಯಾರ ಅಂಚು ಯಾವುದು ಎಂಬುದನ್ನು ಪ್ರತಿ ವಾರವೂ ಚಿತ್ರದ ಮೇಲೆಯೇ ತೋರಿಸಬೇಕು. ಒಳಪುಟಗಳು ಕಪ್ಪು-ಬಿಳುಪಿನಲ್ಲಿ ಅಚ್ಚಾಗುವುದರಿಂದ ಕೆಂಪು-ನೀಲಿ ಬೇಡ. ತುಂಬಿದ ವೃತ್ತ, ಖಾಲಿ ವೃತ್ತ. ಮೇಲೆ-ಕೆಳಗೆ ದಪ್ಪ ಗೆರೆ, ಎಡ-ಬಲಕ್ಕೆ ಜೋಡಿ ಗೆರೆ ಸಾಕು.

ಅಳತೆಯ ಲೆಕ್ಕವೂ ಇಲ್ಲಿದೆ. ಮನೆಯ ಅಗಲ 6 ಮಿಲಿಮೀಟರ್ ಎಂದಿಟ್ಟುಕೊಂಡರೆ 7×7 ಹಲಗೆಗೆ ಸಾಲುಗಳ ಓರೆ ಸೇರಿ 60 ಮಿ.ಮೀ. ಅಗಲ, ಸುಮಾರು 38 ಮಿ.ಮೀ. ಎತ್ತರ ಬೇಕು. ಆಟಕ್ಕೆ ಹೆಚ್ಚು ಬಳಕೆಯಲ್ಲಿರುವ 11×11 ಹಲಗೆಗೆ, ಅಂದರೆ 121 ಮನೆಗಳಿಗೆ, 96 ಮಿ.ಮೀ. ಅಗಲ, ಸುಮಾರು 59 ಮಿ.ಮೀ. ಎತ್ತರ. ಪತ್ರಿಕೆಗೆ 7×7 ಸರಿಯಾದ ಗಾತ್ರ. ಜಾಗದ ಉಳಿತಾಯ ಒಂದು ಕಾರಣವಾದರೆ, ಪರಿಶೀಲನೆ ಅದಕ್ಕಿಂತ ದೊಡ್ಡ ಕಾರಣ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ 8×8 ಹಲಗೆಯ ಎಲ್ಲ ಆರಂಭದ ನಡೆಗಳ ಫಲವನ್ನೂ ಕಂಪ್ಯೂಟರಿನಿಂದ ನಿರ್ಧರಿಸಿದರು. 2013ರಲ್ಲಿ 9×9 ಕೂಡ ಬಗೆಹರಿಯಿತು. ಆದ್ದರಿಂದ 7×7ರ ಯಾವ ಸ್ಥಿತಿಯನ್ನಾದರೂ ಅಚ್ಚಿಗೆ ಮೊದಲು ತಂತ್ರಾಂಶಕ್ಕೆ ಕೊಟ್ಟು, ಗೆಲ್ಲುವ ನಡೆ ಒಂದೇ ಎಂದು ಖಾತರಿ ಮಾಡಿಕೊಳ್ಳಬಹುದು. ದೊಡ್ಡ ಹಲಗೆಗೆ ಈ ಭರವಸೆ ಇಲ್ಲ. ಹಲಗೆ ಬೆಳೆದಂತೆ ಲೆಕ್ಕ ಎಷ್ಟು ಕಠಿಣವಾಗುತ್ತದೆಂಬುದನ್ನು 1981ರಲ್ಲಿ ಸ್ಟೆಫಾನ್ ರೈಷ್ ಸಾಧಿಸಿ ತೋರಿಸಿದ್ದಾರೆ.

ಉತ್ತರ ಪ್ರಕಟಿಸುವಾಗ 'ಚ4' ಎಂದಷ್ಟೇ ಹಾಕಿ ಕೈತೊಳೆದುಕೊಳ್ಳಬೇಡಿ. ಸುಡೊಕುವಿನಲ್ಲಿ ತುಂಬಿದ ಚೌಕವೇ ಉತ್ತರ. ಹೆಕ್ಸ್‌ನಲ್ಲಿ ಎದುರಿಗೊಬ್ಬರು ಕೂತು ಉತ್ತರಿಸುತ್ತಿರುತ್ತಾರೆ, ಆದ್ದರಿಂದ ಅವರ ಪ್ರತಿ ಮುಖ್ಯ ತಡೆಗೂ ಮುಂದಿನ ನಡೆ ಕೊಡಬೇಕು. ಜೊತೆಗೆ ಓದುಗರು ಬೀಳುವ ಎರಡು ಬಲೆಗಳನ್ನಾದರೂ, ಅವು ಏಕೆ ಸೋಲುತ್ತವೆಂಬ ಒಂದು ಸಾಲಿನೊಂದಿಗೆ ಅಚ್ಚು ಮಾಡಿ. ತಪ್ಪು ಉತ್ತರ ಬರೆದವರಿಗೆ ಆ ಸಾಲೇ ಹೆಚ್ಚು ಉಪಯೋಗದ್ದು. ಇದಕ್ಕೆ ಐದಾರು ಸಾಲು ಹೆಚ್ಚು ಜಾಗ ಹೋಗುತ್ತದೆ, ಹೋಗಲಿ.

ಇನ್ನೊಂದು ಬಗೆಯ ಸಮಸ್ಯೆಗೂ ಆಗಾಗ ಅವಕಾಶವಿರಲಿ. ಮೊದಲು ಆಡುವವರು ಸರಿಯಾಗಿ ಆಡಿದರೆ ಗೆದ್ದೇ ಗೆಲ್ಲುತ್ತಾರೆಂದು ನ್ಯಾಶ್ ಸಾಧಿಸಿದ್ದರಿಂದ, ಪಂದ್ಯಗಳಲ್ಲಿ ಬದಲಿ ನಿಯಮ ಬಳಸುತ್ತಾರೆ. ಮೊದಲ ಕಾಯಿ ಬಿದ್ದ ಮೇಲೆ ಎರಡನೆಯವರು ಬೇಕಾದರೆ ಜಾಗ ಬದಲಿಸಿ ಆ ಕಾಯಿಯನ್ನೇ ತಮ್ಮದಾಗಿಸಿಕೊಳ್ಳಬಹುದು. ಹೀಗಾಗಿ ಮೊದಲ ನಡೆ ತೀರಾ ಬಲವಾಗಿಯೂ ಇರಬಾರದು, ತೀರಾ ಕೈಲಾಗದ್ದೂ ಆಗಿರಬಾರದು. ಈ ಪತ್ರ ಪ್ರಕಟವಾದರೆ ಓದುಗರು ಇದನ್ನು ಬಿಡಿಸಿ ಕಳುಹಿಸಲಿ: 4×4 ಖಾಲಿ ಹಲಗೆಯಲ್ಲಿ ಕಪ್ಪು ಕ1 ಇಟ್ಟಿದೆ. ನೀವು ಬಿಳಿ. ಬದಲಿಸಿಕೊಳ್ಳುತ್ತೀರಾ, ಇಲ್ಲವಾ? ಇಲ್ಲವೆಂದರೆ ನಿಮ್ಮ ಮೊದಲ ಕಾಯಿ ಎಲ್ಲಿಗೆ, ಮತ್ತು ಅದು ಎರಡೂ ಅಂಚುಗಳಿಗೆ ಸೇರಲು ಬೇಕಾದ ಮನೆಗಳು ಯಾವುವು?

ಇಂತಿ,
ಹೆಕ್ಸ್ ಬಲ್ಲ ಓದುಗ