ಬಸ್ಸು ಕೊಟ್ಟಿರಿ, ಮಲಗಲು ಒಂದು ಹಾಸಿಗೆಯನ್ನೂ ಕೊಡಿ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ನಮಸ್ಕಾರ. ನಾನು ಬ್ಯಾಂಕಿನಿಂದ ರಿಟೈರ್ ಆದ ಹೆಂಗಸು. ಊರು ಹಾಸನ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಂಗಳೂರಿನಲ್ಲಿದ್ದೆ. ಆ ಊರಿನ ಹುಚ್ಚು ಆಗ ಹತ್ತಿದ್ದು ಇನ್ನೂ ಇಳಿದಿಲ್ಲ. ಈ ಸಲ ಸೆಪ್ಟೆಂಬರಿನಲ್ಲಿ ಬೆನ್ನಿಗೊಂದು ಬ್ಯಾಗು ಏರಿಸಿಕೊಂಡು ಒಬ್ಬಳೇ ಹೋಗಿ ಬಂದೆ. ಕಾರಿಲ್ಲ, ಪ್ಯಾಕೇಜ್ ಟೂರ್ ಇಲ್ಲ, ನೆಂಟರ ಮನೆಯೂ ಇಲ್ಲ.

ಹೋಗುವಾಗ ದುಡ್ಡು ಖರ್ಚಾಗಲಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿದೆ, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಟ್ಟ. ಶಿರಾಡಿ ಘಾಟಿ ಇಳಿದು ಬಿಜೈ ಬಸ್ ನಿಲ್ದಾಣ ಸೇರಿದಾಗ ಸಂಜೆ. ಬಸ್ಸಿನಲ್ಲಿ ಮುಕ್ಕಾಲು ಪಾಲು ಹೆಂಗಸರೇ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗುವವರು ಮಧ್ಯದಲ್ಲಿ ಇಳಿದುಕೊಂಡರು. ದೇವಸ್ಥಾನದ ಊರಿಗೆ ಹೋಗುವವರಿಗೆ ಛತ್ರ ಇದೆ, ಊಟವೂ ಇದೆ. ಸುಮ್ನೆ ಸಮುದ್ರ ನೋಡಬೇಕು ಅಂತ ಬಂದ ಹೆಂಗಸು ರಾತ್ರಿ ಎಲ್ಲಿ ಮಲಗಬೇಕು, ಸಾರ್? ಅದನ್ನು ಕೇಳುವುದಕ್ಕೇ ಈ ಪತ್ರ.

ಮೊದಲು ಹೋದ ಲಾಡ್ಜಿನ ಹೆಸರು ಹೇಳುವುದಿಲ್ಲ. ಕೌಂಟರಿನಲ್ಲಿದ್ದ ಹುಡುಗ ನನ್ನನ್ನು ನೋಡಿದ, ಆಮೇಲೆ ನನ್ನ ಹಿಂದೆ ಬಾಗಿಲ ಕಡೆ ನೋಡಿದ.

"ಜೊತೆಗೆ ಯಾರೂ ಇಲ್ವಾ ಮೇಡಂ?"

"ಇಲ್ಲಪ್ಪ, ನಾನೊಬ್ಬಳೇ."

"ಸಿಂಗಲ್ ಲೇಡೀಸ್‌ಗೆ ಕೊಡುದಿಲ್ಲ. ಓನರ್ ಬೈತಾರೆ."

ನನ್ನ ತಲೆಯಲ್ಲಿ ಕರಿ ಕೂದಲು ಹುಡುಕಬೇಕು. ಕೈಯಲ್ಲಿ ಪೆನ್ಷನ್ ಕಾರ್ಡು, ಆಧಾರ್ ಎರಡೂ ಇದ್ದವು. ಆದರೂ ಕೊಡಲಿಲ್ಲ. ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಪಾಪ, ಕುಡಿಯಲು ನೀರು ಕೊಟ್ಟು ಮುಂದಿನ ಬೀದಿಯ ಲಾಡ್ಜ್ ತೋರಿಸಿದ. ಅಲ್ಲಿ ರೂಮು ಸಿಕ್ಕಿತು, ಆದರೆ ಎ.ಸಿ. ಡಬಲ್ ರೂಮು. ನನಗೆ ಎ.ಸಿ. ಆಗುವುದಿಲ್ಲ. ಆಫ್ ಮಾಡಿ ಮಲಗಿದೆ, ಬಾಡಿಗೆ ಮಾತ್ರ ಪೂರ್ತಿ ಕಟ್ಟಿದೆ.

ಒಂಟಿ ಹೆಂಗಸಿಗೆ ರೂಮು ಕೊಡಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡರೆ ಮುಗಿಯಿತು. ಪೊಲೀಸರ ಕಿರಿಕಿರಿ ಯಾಕೆ ಅಂತ ಮಾಲೀಕರು ತಾವೇ ಒಂದು ನಿಯಮ ಮಾಡಿಕೊಂಡಿದ್ದಾರೆ, ಅಷ್ಟೆ. ಒಂದು ಸುತ್ತೋಲೆ ಹೊರಡಿಸಿ. ಅದನ್ನು ಕನ್ನಡದಲ್ಲಿ ಬರೆಸಿ ಕೌಂಟರಿನ ಮೇಲೆ ಅಂಟಿಸಲು ಹೇಳಿ. ಆಗ ಆ ಹುಡುಗನಿಗೂ ಓನರ್ ಹತ್ತಿರ ಹೇಳಲು ಒಂದು ಮಾತು ಸಿಗುತ್ತದೆ.

ಇನ್ನೊಂದು, ಡಾರ್ಮಿಟರಿ. ಗೋಕರ್ಣದಲ್ಲಿ, ಫೋರ್ಟ್ ಕೊಚ್ಚಿಯಲ್ಲಿ ಬ್ಯಾಗು ಹೊತ್ತು ಬರುವವರಿಗೆ ಒಂದು ಹಾಸಿಗೆ, ಒಂದು ಲಾಕರ್ ಲೆಕ್ಕದಲ್ಲಿ ಜಾಗ ಸಿಗುತ್ತದೆ. ಮಂಗಳೂರಿನಲ್ಲಿ ಹುಡುಕಿದೆ, ಕೈಗೆಟುಕುವಂಥದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಮೆಡಿಕಲ್ ಕಾಲೇಜು, ಬಂದರು, ಏರ್‌ಪೋರ್ಟು ಎಲ್ಲ ಇರುವ ಊರು ಅದು. ಆಸ್ಪತ್ರೆಗೆ ಬಂದವರ ಜೊತೆಗಾರರು, ಇಂಟರ್‌ವ್ಯೂಗೆ ಬಂದ ಹುಡುಗಿಯರು, ನನ್ನಂಥ ತಿರುಗುತಿಪ್ಪರು, ಎಲ್ಲರಿಗೂ ಅದು ಬೇಕು. ನಿಮ್ಮ ಇಲಾಖೆಯ ನಿಗಮ ರಾಜ್ಯದ ತುಂಬ ಮಯೂರ ಹೋಟೆಲುಗಳನ್ನು ನಡೆಸುತ್ತಿದೆಯಲ್ಲ, ಅವುಗಳಲ್ಲೇ ಒಂದು ಹಾಲ್ ಹೆಂಗಸರಿಗೆ ಬಿಟ್ಟುಕೊಡಿ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ.

ಊರಿನ ಬಗ್ಗೆ ದೂರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಬೆಳಗಾದ ಮೇಲೆ ಮಂಗಳೂರು ನನ್ನನ್ನು ಹೇಗೆ ನೋಡಿಕೊಂಡಿತು ಅಂತಲೂ ಹೇಳಬೇಕು. ಅಲ್ಲಿ ಸಿಟಿ ಬಸ್ಸು ಬಹುಪಾಲು ಖಾಸಗಿಯವರದ್ದು, ಹಾಗಾಗಿ ಶಕ್ತಿ ಅಲ್ಲಿ ನಡೆಯುವುದಿಲ್ಲ. ಆದರೆ ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು. ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" ಅಂತ ಎಲ್ಲರನ್ನೂ ಮುಂದೆ ತಳ್ಳುತ್ತಲೇ, ನನ್ನ ಬ್ಯಾಗು ಇಸಿದುಕೊಂಡು ಡ್ರೈವರ್ ಪಕ್ಕ ಇಟ್ಟ. "ಇಲ್ಲೇ ಇರ್ಲಿ ಅಕ್ಕಾ, ಎಂಥ ಆಗುದಿಲ್ಲ." ಕದ್ರಿ ದೇವಸ್ಥಾನದಲ್ಲಿ 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ, ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಯ ತುಂಬ ಇಟಲಿಯ ಮೊಸ್ಕೇನಿ ಬರೆದ ಚಿತ್ರ, ಎಲ್ಲ ನಡೆದೇ ನೋಡಿದೆ. ಮಧ್ಯಾಹ್ನ ಬಂಗುಡೆ ಪುಳಿಮುಂಚಿ, ಕುಚಲಕ್ಕಿ ಅನ್ನ. ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿದಿರುತ್ತವೆ, ಸೆಪ್ಟೆಂಬರಿನ ಮೀನಿನ ರುಚಿಯೇ ಬೇರೆ.

ನಿಮಗೆ ವಿವರವಾಗಿ ಹೇಳಬೇಕಾದದ್ದು ಬೆಂಗ್ರೆಯ ದೋಣಿಯ ಬಗ್ಗೆ. ಹಳೆ ಬಂದರಿನಿಂದ ಬೆಂಗ್ರೆಗೆ ದಿನವೂ ಫೆರಿ ಬೋಟು ಓಡಾಡುತ್ತದೆ. ಒಂದು ಕಡೆ ಗುರುಪುರ ಹೊಳೆ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ ಆ ಬೆಂಗ್ರೆ. ತೆಂಕಣ ತುದಿಗೆ ನೇತ್ರಾವತಿಯೂ ಬಂದು ಸೇರುತ್ತದೆ. ಅದೇ ಅಳಿವೆ ಬಾಗಿಲು, ದಕ್ಕೆಯ ಮೀನು ಬೋಟುಗಳೆಲ್ಲ ಕಡಲಿಗೆ ಹೋಗುವುದು ಅಲ್ಲಿಂದಲೇ. ನಾನು ಹತ್ತಿದ ಬೋಟಿನಲ್ಲಿ ಯೂನಿಫಾರ್ಮಿನ ಮಕ್ಕಳು, ಖಾಲಿ ಬುಟ್ಟಿ ಮಗುಚಿ ಅದರ ಮೇಲೆ ಕೂತ ಮೀನು ಮಾರುವ ಅಕ್ಕ, ಒಂದು ಗ್ಯಾಸ್ ಸಿಲಿಂಡರ್. ಎರಡೂ ದಡದಲ್ಲಿ ಟ್ರಾಲ್ ಬೋಟುಗಳು ಒತ್ತೊತ್ತಾಗಿ ನಿಂತಿದ್ದವು. ಆ ಅಕ್ಕ ನನ್ನ ಬ್ಯಾಗು ನೋಡಿ "ಮದುವೆಗಾ?" ಅಂತ ಕೇಳಿದಳು. ತಿರುಗಾಡಲು ಬಂದೆ ಅಂದೆ. "ಬೆಂಗ್ರೆಗಾ!" ಅಂತ ಜೋರಾಗಿ ನಕ್ಕಳು.

ಇಳಿದು ಮನೆಗಳ ನಡುವೆ ಸ್ವಲ್ಪ ನಡೆದರೆ ಕಡಲು. ಅಲ್ಲಿಂದ ಬಡಗಕ್ಕೆ ಮರಳಿನಲ್ಲೇ ಹೋದರೆ ತಣ್ಣೀರುಬಾವಿ. ಮಂಗಳೂರಿನಲ್ಲಿ ಇದಕ್ಕಿಂತ ಚೆಂದದ ನಡಿಗೆ ನನಗೆ ಗೊತ್ತಿಲ್ಲ. ಆದರೆ ಬೋಟು ಎಷ್ಟು ಹೊತ್ತಿಗೆ, ಕೊನೆಯದು ಯಾವಾಗ, ಟಿಕೆಟ್ ಎಷ್ಟು ಅಂತ ಹೇಳುವ ಬೋರ್ಡು ನನಗೆ ಕಾಣಲಿಲ್ಲ. ಕೇಳಿದರೆ ಎಲ್ಲರೂ ಹೇಳುತ್ತಾರೆ, ಅದು ಬೇರೆ ಮಾತು. ಗುಡ್ಡೆ ಕೊರೆದು, ಗಾಜಿನ ಸೇತುವೆ ಕಟ್ಟಿ ಜನರನ್ನು ಕರೆಯುವುದಕ್ಕೆ ಮೊದಲು ಅಲ್ಲೊಂದು ಬೋರ್ಡು ನಿಲ್ಲಿಸಿ. ಸಾಕಷ್ಟು ಲೈಫ್ ಜಾಕೆಟ್ ಇಡಿಸಿ. ಹತ್ತುವ ಇಳಿಯುವ ಕಡೆ ಜಾರದ ಮೆಟ್ಟಿಲು ಮಾಡಿಸಿ. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ಮೆಟ್ರೋ ರೈಲಿನ ಹಾಗೆ ಬೋಟು ಓಡಿಸುವ ವಾಟರ್ ಮೆಟ್ರೋ ಬಂತು. ಮಂಗಳೂರಿಗೂ ತರುವ ಮಾತು ನಡೆದಿದೆ, ಬರಲಿ. ಬಂದಾಗ ಈ ಹಳೆ ಫೆರಿಯನ್ನು ಮೂಲೆಗೆ ತಳ್ಳಬೇಡಿ. ಬೆಂಗ್ರೆಯವರಿಗೆ ಅದು ಪ್ರವಾಸೋದ್ಯಮ ಅಲ್ಲ, ದಾರಿ. ನಮ್ಮಂಥವರು ಅದರಲ್ಲಿ ಜಾಗ ಇದ್ದರೆ ಕೂರಬೇಕು, ಇಲ್ಲದಿದ್ದರೆ ನಿಲ್ಲಬೇಕು.

ಬೀಚುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಪಡುಬಿದ್ರಿ ಮತ್ತು ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚು ಅಂತ ಕೊಡುವ ಬಾವುಟ ಸಿಕ್ಕಿತು, ಸಂತೋಷ. ಬಾವುಟ ಇಲ್ಲದ ಬೀಚಿಗೂ ಚಿಲಕ ಹಾಕಬಹುದಾದ ಒಂದು ಶೌಚಾಲಯ ಬೇಕಲ್ವಾ? ಗಂಡಸರಿಗೆ ಇದು ಅರ್ಥವಾಗುವುದು ಸ್ವಲ್ಪ ನಿಧಾನ. ಒಂಟಿಯಾಗಿ ತಿರುಗುವ ಹೆಂಗಸು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಕಮ್ಮಿ ಮಾಡುತ್ತಾಳೆ, ಸಾರ್. ಕರಾವಳಿಯ ಸೆಕೆಯಲ್ಲಿ ಅದು ಒಳ್ಳೆಯದಲ್ಲ.

ಸೋಮೇಶ್ವರದ ರುದ್ರಪಾದೆಯ ಬಂಡೆಗಳ ಮೇಲೆ ಫೋಟೋ ತೆಗೆಯಲು ಹೋಗಿ ಅಲೆಗೆ ಸಿಕ್ಕಿದವರ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ. ಹಾಗೆ ಹೋಗುವವರಲ್ಲಿ ನಮ್ಮ ಘಟ್ಟದ ಮೇಲಿನವರೇ ಜಾಸ್ತಿ. ನಮಗೆ ಕೆರೆ ಗೊತ್ತು, ಕಡಲು ಗೊತ್ತಿಲ್ಲ. ಇವತ್ತು ನೀರಿಗೆ ಇಳಿಯಬಹುದೋ ಇಲ್ಲವೋ ಅಂತ ಆಯಾ ದಿನ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆದಿಟ್ಟರೂ ಉಪಯೋಗವಾಗುತ್ತದೆ. ಬರೆಯಲು ಅಲ್ಲಿನ ಮೀನುಗಾರರನ್ನೇ ಕೇಳಿ, ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಚಳಿಗಾಲದಲ್ಲಿ ಮತ್ತೆ ಹೋಗುತ್ತಿದ್ದೇನೆ. ನಾನು ಒಬ್ಬಳೇ ಹೋಗಿ ಬಂದ ಕಥೆ ಕೇಳಿ ಬ್ಯಾಂಕಿನ ಗೆಳತಿಯರಿಬ್ಬರು ತಾವೂ ಬ್ಯಾಗು ಕೊಂಡುಕೊಂಡಿದ್ದಾರೆ. ಒಬ್ಬಳಿಗೆ ಮಂಡಿ ನೋವು. ಡಾರ್ಮಿಟರಿ ಮಾಡಿಸುವುದಾದರೆ ವಯಸ್ಸಾದವರಿಗೆ ಕೆಳಗಿನ ಹಾಸಿಗೆ ಕೊಡಬೇಕು ಅಂತ ಈಗಲೇ ಆದೇಶದಲ್ಲಿ ಸೇರಿಸಿಬಿಡಿ.

ಇಂತಿ ನಮಸ್ಕಾರಗಳೊಂದಿಗೆ,
ಹಾಸನದ ಒಬ್ಬ ನಿವೃತ್ತ ಬ್ಯಾಂಕ್ ನೌಕರೆ